ಆಮದು ಕಿಟ್ ತರಿಸಿ ಮನೆಯಲ್ಲೇ ವಿಮಾನ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಎರಡು ಸೀಟಿನ ಅಲ್ಯೂಮಿನಿಯಂ ವಿಮಾನವನ್ನು ಕಿಟ್ ತರಿಸಿ ಕಟ್ಟಿದವನು. ರೆಕ್ಕೆ ಇನ್ನೂ ಸ್ಟ್ಯಾಂಡಿನ ಮೇಲೆ ಇದ್ದ ಕಾಲದಿಂದಲೂ ನೋಡಲು ಬಂದವರು ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ಒಂದೇ ಸಾಲು. ಉದ್ದ ಇರುವ ಕಡೆ ನಾನು ಪೆಟ್ಟು ತಿಂದಿದ್ದೇನೆ ಎಂದು ತಿಳಿಯಿರಿ.

ಕಿಟ್ ಅಂದರೆ ಪೆಟ್ಟಿಗೆ ತೆರೆದು ನಟ್ಟು ಬೋಲ್ಟು ಬಿಗಿದರೆ ಆಯ್ತು, ಅಲ್ವಾ?

ಅಷ್ಟು ಸುಲಭ ಇಲ್ಲ. ಲೋಹದ ಕಿಟ್‌ನಲ್ಲಿ ಬರುವುದು ಕತ್ತರಿಸಿ, ಬಗ್ಗಿಸಿ, ತೂತು ಹಾಕಿದ ತಗಡುಗಳು, ಪಕ್ಕೆಲುಬಿನಂಥ ರಿಬ್‌ಗಳು, ರೆಕ್ಕೆಯ ಬೆನ್ನೆಲುಬಾದ ಸ್ಪಾರ್, ತಗಡು ತಗಡು ಸೇರಿಸುವ ಮೊಳೆಯಂಥ ರಿವೆಟ್ ಚೀಲಗಟ್ಟಲೆ, ಮತ್ತೆ ದಪ್ಪನೆಯ ಒಂದು ಕೈಪಿಡಿ. ಪ್ರತಿ ತೂತಿನ ಅಂಚನ್ನು ನೀವೇ ನಯ ಮಾಡಬೇಕು. ಪ್ರತಿ ತಗಡನ್ನು ಜೋಡಿಸಿ, ಬಿಚ್ಚಿ, ತೊಳೆದು, ಬಣ್ಣ ಬಳಿದು, ಮತ್ತೆ ಜೋಡಿಸಬೇಕು. ಎಂಜಿನ್, ಪ್ರೊಪೆಲ್ಲರ್, ಮೀಟರುಗಳು, ರೇಡಿಯೊ, ಹೊರಗಿನ ಬಣ್ಣ, ಇವು ಹೆಚ್ಚಿನ ಕಿಟ್‌ಗಳಲ್ಲಿ ಇರುವುದೇ ಇಲ್ಲ. ಬೇರೆಯಾಗಿ ಕೊಳ್ಳಬೇಕು.

ಕಂಪನಿಗಳು ಸಾಮಾನ್ಯವಾಗಿ ಕಿಟ್ಟನ್ನು ತುಂಡು ತುಂಡಾಗಿ ಮಾರುತ್ತವೆ. ಮೊದಲು ಬಾಲ, ಆಮೇಲೆ ರೆಕ್ಕೆ, ಆಮೇಲೆ ಒಡಲು, ಕೊನೆಗೆ ಉಳಿದದ್ದು. ಬಾಲದಿಂದ ಶುರು ಮಾಡುವುದಕ್ಕೆ ಕಾರಣ ಇದೆ. ಅದು ಚಿಕ್ಕದು, ಆದರೆ ರೆಕ್ಕೆಯಲ್ಲಿ ಮಾಡುವ ಕೆಲಸವೆಲ್ಲ ಅದರಲ್ಲೂ ಇದೆ. ಈ ಕೆಲಸ ನಿಮ್ಮಿಂದ ಆಗುತ್ತೋ ಇಲ್ಲವೋ ಅನ್ನುವುದು ಕಡಿಮೆ ಖರ್ಚಿನಲ್ಲಿ ಗೊತ್ತಾಗಿಬಿಡುತ್ತದೆ.

ಮನೆಯಲ್ಲಿ ಕಟ್ಟಿದ ವಿಮಾನ ಹಾರಿಸಲು ಕಾನೂನು ಬಿಡುತ್ತದೆಯೇ?

ಬಹಳ ದೇಶಗಳಲ್ಲಿ ಬಿಡುತ್ತದೆ, ಷರತ್ತಿನ ಮೇಲೆ. ಎಲ್ಲರ ಬಾಯಲ್ಲೂ ಇರುವುದು ಅಮೆರಿಕದ '51 ಪರ್ಸೆಂಟ್' ನಿಯಮ. ವಿಮಾನದ ಹೆಚ್ಚಿನ ಪಾಲು ಕೆಲಸವನ್ನು ಕಲಿಯುವುದಕ್ಕಾಗಿ ಅಥವಾ ಹವ್ಯಾಸಕ್ಕಾಗಿ ಹವ್ಯಾಸಿಗಳೇ ಮಾಡಿರಬೇಕು ಎನ್ನುವುದು ಅದರ ತಿರುಳು. ಇದನ್ನು ಗಂಟೆಯ ಲೆಕ್ಕದಲ್ಲೋ ತೂಕದ ಲೆಕ್ಕದಲ್ಲೋ ಅಳೆಯುವುದಿಲ್ಲ. ಕೆಲಸಗಳ ಒಂದು ಪಟ್ಟಿ ಇರುತ್ತದೆ. ಯಾವುದನ್ನು ಕಾರ್ಖಾನೆ ಮಾಡಿತು, ಯಾವುದನ್ನು ನೀವು ಮಾಡಿದಿರಿ ಎಂದು ಅದರಲ್ಲಿ ಗುರುತು ಹಾಕುತ್ತಾರೆ. ಎಂಜಿನ್, ಪ್ರೊಪೆಲ್ಲರ್, ಚಕ್ರ, ಬ್ರೇಕ್, ಮೀಟರುಗಳನ್ನು ನೀವೇ ತಯಾರಿಸಬೇಕು ಎಂದು ಯಾರೂ ಕೇಳುವುದಿಲ್ಲ.

ತಪಾಸಣೆಯ ರೀತಿ ಮಾತ್ರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಕಡ್ಡಾಯ ತಪಾಸಣೆ ಕೊನೆಯಲ್ಲಿ. ಕೆನಡಾದಲ್ಲಿ ರೆಕ್ಕೆಯಂಥ ಭಾಗಗಳನ್ನು ಮುಚ್ಚುವ ಮುಂಚೆ ಒಳಗಡೆ ನೋಡಲು ಬರುತ್ತಾರೆ. ಬ್ರಿಟನ್ನಿನಲ್ಲಿ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್‌ನಲ್ಲಿ ಮೊದಲೇ ನೋಂದಾಯಿಸಿ, ಹಂತ ಹಂತಕ್ಕೂ ಇನ್‌ಸ್ಪೆಕ್ಟರ್ ಸಹಿ ಪಡೆಯಬೇಕು. ಆದ್ದರಿಂದ ದುಡ್ಡು ಕಟ್ಟುವ ಮುಂಚೆ ನಿಮ್ಮ ದೇಶದ ವಿಮಾನಯಾನ ಇಲಾಖೆಗೆ ಆ ಕಿಟ್‌ನ ಹೆಸರು ಹೇಳಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ರೆಕ್ಕೆ ಮುಚ್ಚಿ ರಿವೆಟ್ ಹೊಡೆದ ಮೇಲೆ 'ಒಳಗೆ ತೋರಿಸಿ' ಅಂದರೆ ಏನು ಮಾಡ್ತೀರಿ?

ಯಾವ ಬಗೆಯ ಕಿಟ್ ಒಳ್ಳೆಯದು?

ಒಳ್ಳೆಯದು ಅನ್ನುವುದಕ್ಕಿಂತ ನಿಮ್ಮ ಕೈಗೆ ಯಾವುದು ಒಗ್ಗುತ್ತದೆ ಎಂದು ನೋಡಿ.

ತಗಡಿನ ವಿಮಾನಗಳೇ ಜಾಸ್ತಿ. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಶುರು ಮಾಡಿದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ ಸರಣಿ ಇದರಲ್ಲಿ ಮುಂದೆ. ಅಮೆರಿಕದ ಜೆನಿತ್, ದಕ್ಷಿಣ ಆಫ್ರಿಕಾದ ಸ್ಲಿಂಗ್ ಕೂಡ ಹೆಸರಾದವೇ. ತಗಡಿನ ಕೆಲಸದ ದೊಡ್ಡ ಅನುಕೂಲ ಅಂದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹತ್ತು ನಿಮಿಷ ಸಿಕ್ಕರೆ ಹತ್ತು ತೂತಿನ ಅಂಚು ನಯ ಮಾಡಿ ಹೋಗಬಹುದು.

ಫೈಬರ್ ಮತ್ತು ರಾಳದ ವಿಮಾನಗಳಲ್ಲಿ ಅದು ಆಗುವುದಿಲ್ಲ. ರಾಳ ಕಲಸಿದಿರಿ ಅಂದರೆ ಅದು ಗಟ್ಟಿಯಾಗುವ ಮುಂಚೆ ಕೆಲಸ ಮುಗಿಸಲೇಬೇಕು. ಆದರೆ ನುಣುಪಾದ, ವೇಗದ ವಿಮಾನ ಬೇಕಾದವರು ಇದನ್ನೇ ಹಿಡಿಯುತ್ತಾರೆ. ಅಮೆರಿಕದ ವಿಮಾನ ವಿನ್ಯಾಸಕಾರ ಬರ್ಟ್ ರುಟಾನ್ 1970ರ ದಶಕದಲ್ಲಿ ಅಚ್ಚಿಲ್ಲದೆ, ಫೋಮ್ ಕತ್ತರಿಸಿ ಅದರ ಮೇಲೆ ಫೈಬರ್ ಹೊದಿಸುವ ದಾರಿ ತೋರಿಸಿದ ಮೇಲೆ ಈ ಬಗೆ ಹಬ್ಬಿತು. ಉಪ್ಪುಕಾಗದ ತಿಕ್ಕುವುದು ಇಷ್ಟ ಇಲ್ಲದವರು ಹತ್ತಿರ ಹೋಗಬೇಡಿ.

ಮೂರನೆಯದು ಉಕ್ಕಿನ ಕೊಳವೆ ಅಥವಾ ಮರದ ಚೌಕಟ್ಟು, ಮೇಲೆ ಬಟ್ಟೆ. ಬಟ್ಟೆ ಪಾಲಿಯೆಸ್ಟರ್. ಅಂಟಿಸಿ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಬಿಸಿಗೆ ಕುಗ್ಗಿ ತಮಟೆಯ ಹಾಗೆ ಬಿಗಿಯಾಗುತ್ತದೆ. ನೋಡಲು ಬಹಳ ಖುಷಿ.

ಎಷ್ಟು ಕಾಲ ಬೇಕು?

ಮಾಮೂಲಿ ತಗಡಿನ ಕಿಟ್‌ಗೆ 1,500ರಿಂದ 2,000 ಗಂಟೆ ಅನ್ನುವುದು ಕಟ್ಟಿದವರೆಲ್ಲ ಒಪ್ಪುವ ಲೆಕ್ಕ. ವಾರಕ್ಕೆ 10 ಗಂಟೆ ಬಿಡದೆ ಕೂತರೆ ಮೂರರಿಂದ ನಾಲ್ಕು ವರ್ಷ. ಆರ್‌ವಿ-12ರಂಥ, ಒಂದೇ ಬದಿಯಿಂದ ಎಳೆದು ಕೂರಿಸುವ ಪುಲ್ ರಿವೆಟ್ ಬಳಸುವ ಸರಳ ಕಿಟ್ ಇದರ ಅರ್ಧದಷ್ಟು ಹೊತ್ತಿನಲ್ಲಿ ಮುಗಿಯಬಹುದು. ರೆಕ್ಕೆ, ಒಡಲನ್ನು ಕಾರ್ಖಾನೆಯವರೇ ಮುಕ್ಕಾಲು ಕಟ್ಟಿ ಕಳಿಸುವ 'ಕ್ವಿಕ್ ಬಿಲ್ಡ್' ತಗೊಂಡರೂ ಗಂಟೆ ಉಳಿಯುತ್ತದೆ, ದುಡ್ಡು ಹೋಗುತ್ತದೆ.

ಜಾಹೀರಾತಿನಲ್ಲಿ ಬರೆದ ಗಂಟೆಗಳನ್ನು ನಂಬಬೇಡಿ ಅನ್ನುತ್ತಿಲ್ಲ. ಆದರೆ ಅವರು ಎಣಿಸುವುದು ಕೈಯಲ್ಲಿ ಟೂಲ್ ಹಿಡಿದ ಗಂಟೆ. ಕೈಪಿಡಿಯ ಒಂದೇ ಪುಟವನ್ನು ಮೂರು ಸಲ ಓದಿದ ಗಂಟೆ, ಬಿದ್ದ ನಟ್ಟನ್ನು ಬೆಂಚಿನಡಿ ಹುಡುಕಿದ ಗಂಟೆ, ನಿನ್ನೆ ಮಾಡಿದ್ದನ್ನು ಇವತ್ತು ಬಿಚ್ಚಿದ ಗಂಟೆ, ಇವು ಆ ಲೆಕ್ಕದಲ್ಲಿ ಇಲ್ಲ. ನನ್ನ ಮೊದಲ ಆರು ತಿಂಗಳಲ್ಲಿ ಇವೇ ಜಾಸ್ತಿ ಇದ್ದವು.

ಖರ್ಚು?

ಅಂಕಿ ಕೇಳಬೇಡಿ, ವರ್ಷ ವರ್ಷಕ್ಕೂ ಬದಲಾಗುತ್ತದೆ. ಒಂದು ಅಂದಾಜು ಹೇಳಬಲ್ಲೆ: ಕಿಟ್‌ನ ಬೆಲೆ ಇಡೀ ವಿಮಾನದ ಖರ್ಚಿನ ಅರ್ಧವನ್ನೂ ಮುಟ್ಟದಿರುವುದೇ ಹೆಚ್ಚು. ಎಂಜಿನ್ ಮತ್ತು ಪ್ರೊಪೆಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ ದುಡ್ಡು ಹೋಗುತ್ತದೆ. ಉಳಿದದ್ದು ಮೀಟರು, ರೇಡಿಯೊ, ಬಣ್ಣ, ಟೂಲು, ಸಾಗಣೆ, ಸುಂಕ.

ಹೊರದೇಶದಿಂದ ತರಿಸುವಾಗ ಏನು ನೋಡಿಕೊಳ್ಳಬೇಕು?

ಮೊದಲು ಸುಂಕ. ಕಸ್ಟಮ್ಸ್ ಪಟ್ಟಿಯಲ್ಲಿ ವಿಮಾನಕ್ಕೆ ಒಂದು ತಲೆಬರಹ ಸಂಖ್ಯೆ ಇದೆ, 8802. ವಿಮಾನದ ಬಿಡಿಭಾಗಗಳಿಗೆ ಇನ್ನೊಂದು, 8807. 2022ಕ್ಕೆ ಮುಂಚೆ ಅದು 8803 ಇತ್ತು, ಹಳೆ ಕಾಗದಗಳಲ್ಲಿ ಹಾಗೇ ಕಾಣುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಬಿಚ್ಚಿ ಕಳಿಸಿದ ವಸ್ತುವನ್ನೂ ಪೂರ್ತಿ ವಸ್ತು ಎಂದೇ ಎಣಿಸಬಹುದು ಅನ್ನುವ ನಿಯಮ ಈ ಪಟ್ಟಿಯಲ್ಲೇ ಇದೆ. ಹಾಗಾಗಿ ಇಡೀ ಕಿಟ್ ಒಟ್ಟಿಗೆ ಬಂದರೆ ಅದು 'ವಿಮಾನ', ಬಾಲ ಮಾತ್ರ ಬಂದರೆ ಅದು 'ಬಿಡಿಭಾಗ' ಆಗಬಹುದು. ಎರಡಕ್ಕೂ ಸುಂಕ ಬೇರೆ ಇರಬಹುದು, ಲೈಸೆನ್ಸೂ ಬೇರೆ ಇರಬಹುದು. ಪೆಟ್ಟಿಗೆ ಬಂದರಿನಲ್ಲಿ ಕೂತ ಮೇಲೆ ಈ ವಾದ ಶುರುವಾದರೆ ದಿನದ ಲೆಕ್ಕದಲ್ಲಿ ಬಾಡಿಗೆ ಏರುತ್ತದೆ. ಮೊದಲೇ ಒಬ್ಬ ಕಸ್ಟಮ್ಸ್ ಏಜೆಂಟರ ಹತ್ತಿರ ಕೂತು ಇನ್‌ವಾಯ್ಸಿನ ಒಂದೊಂದು ಸಾಲನ್ನೂ ನೋಡಿ.

ಎರಡನೆಯದು ಮರದ ಪೆಟ್ಟಿಗೆ. ಹುಳ ಬಾರದಂತೆ ಬಿಸಿಮಾಡಿದ ಮರ ಅನ್ನುವುದಕ್ಕೆ ಐಎಸ್‌ಪಿಎಂ 15 ಎಂಬ ಮುದ್ರೆ ಇರಬೇಕು. ಒಳಗಿರುವುದು ಎಷ್ಟೇ ಸರಿ ಇದ್ದರೂ ಪೆಟ್ಟಿಗೆಯ ಮುದ್ರೆ ಇಲ್ಲದೆ ತಡೆ ಬೀಳಬಹುದು.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಪೆಟ್ರೋಲ್ ಟ್ಯಾಂಕಿಗೆ ಹಚ್ಚುವ ಸೀಲೆಂಟ್, ರಾಳ, ತುಕ್ಕು ತಡೆಯುವ ಅಡಿಬಣ್ಣವಾದ ಪ್ರೈಮರ್ ಇಂಥವು ಎಷ್ಟೋ ಸಲ 'ಅಪಾಯಕಾರಿ ಸಾಮಾನು' ಪಟ್ಟಿಗೆ ಬೀಳುತ್ತವೆ. ಸುಮ್ನೆ ಪಾರ್ಸೆಲ್ ಮಾಡಿ ಕಳಿಸಲು ಆಗುವುದಿಲ್ಲ. ಜೊತೆಗೆ ಸೀಲೆಂಟಿಗೂ ರಾಳಕ್ಕೂ ಆಯುಷ್ಯ ಕಡಿಮೆ. ಹಡಗಿನಲ್ಲಿ ಎರಡು ತಿಂಗಳು ಕಳೆದು ಬಂದರೆ ಡಬ್ಬಿಯ ಮೇಲಿನ ದಿನಾಂಕ ನಿಮ್ಮ ಮುಖ ನೋಡಿ ನಗುತ್ತಿರುತ್ತದೆ. ಹತ್ತಿರದಲ್ಲಿ ಸಿಗುವುದಾದರೆ ಅಲ್ಲೇ ಕೊಳ್ಳಿ, ಬೇಕಾದ ವಾರ ಮಾತ್ರ ಕೊಳ್ಳಿ.

ಪೆಟ್ಟಿಗೆ ಬಂತು. ಮೊದಲ ಕೆಲಸ?

ಎಣಿಸುವುದು. ಟೂಲ್ ಮುಟ್ಟಬೇಡಿ. ತೆರೆಯುವ ಮುಂಚೆ ಪೆಟ್ಟಿಗೆಯ ಆರೂ ಬದಿಯ ಫೋಟೊ ತೆಗೆಯಿರಿ. ಪಟ್ಟಿ ಹಿಡಿದು ಒಂದೊಂದೇ ಭಾಗ ಗುರುತು ಹಾಕಿ. ಕಡಿಮೆ ಬಂದಿದೆ, ಸೊಟ್ಟಗಾಗಿದೆ ಎಂದು ಹೇಳಲು ಕಂಪನಿಗಳು ಕೆಲವೇ ವಾರದ ಗಡುವು ಕೊಡುತ್ತವೆ. ರಿವೆಟ್ ಚೀಲಗಳನ್ನು ಎಣಿಸುವುದಕ್ಕಿಂತ ತೂಕ ಮಾಡುವುದು ಸುಲಭ. ಪ್ಯಾಕಿಂಗ್ ಕಾಗದವನ್ನು ಬಿಡಿಸಿ ನೋಡದೆ ಎಸೆಯಬೇಡಿ. ನಾನು ಕಾಣೆಯಾಗಿದೆ ಎಂದು ಬರೆದ ಬ್ರ್ಯಾಕೆಟ್ ಮರುದಿನ ಕಸದ ಚೀಲದಲ್ಲಿ ಸಿಕ್ಕಿತು. ಕ್ಷಮೆ ಕೇಳಿ ಇನ್ನೊಂದು ಪತ್ರ ಬರೆಯಬೇಕಾಯ್ತು.

ಜಾಗ ಎಷ್ಟು ಬೇಕು?

ಎರಡು ಕಾರು ನಿಲ್ಲುವ ಗ್ಯಾರೇಜ್ ಸಾಕು. ಒಂದೊಂದು ರೆಕ್ಕೆ ನಾಲ್ಕು ಮೀಟರ್ ಆಸುಪಾಸು. ಅದನ್ನು ನಿಲ್ಲಿಸಿ ಇಡಬಹುದು. ರೆಕ್ಕೆ ಒಡಲು ಸೇರಿಸುವುದು ಹೇಗೂ ಏರ್‌ಫೀಲ್ಡಿನಲ್ಲಿ. ಜಾಗಕ್ಕಿಂತ ಬಾಗಿಲನ್ನು ಅಳೆಯಿರಿ. ಒಡಲಿನ ಅಗಲ, ಚಕ್ರ ಹಾಕಿದ ಮೇಲಿನ ಎತ್ತರ, ಗೇಟಿನ ತಿರುವು ಎಲ್ಲ ಅಳೆಯಿರಿ. ಬೆಳಕು ಚೆನ್ನಾಗಿರಲಿ. ರಿವೆಟ್ ಗನ್ ಮತ್ತು ಕಂಪ್ರೆಸರ್ ಸದ್ದು ಗೋಡೆ ದಾಟುತ್ತದೆ. ಅಕ್ಕಪಕ್ಕದವರಿಗೆ ಮೊದಲೇ ಹೇಳಿ, ಒಮ್ಮೆ ಕರೆದು ತೋರಿಸಿ. ಆಮೇಲೆ ರೆಕ್ಕೆ ಎತ್ತಲು ಅವರೇ ಬರುತ್ತಾರೆ.

ಟೂಲ್ ಯಾವುದು ಬೇಕು?

ಕಿಟ್ ಅಮೆರಿಕದ್ದಾದರೆ ಎಲ್ಲವೂ ಇಂಚು. ಮಿಲಿಮೀಟರಿನಲ್ಲಿ ಬೆಳೆದವರಿಗೆ ಇದು ಮೊದಲ ತಲೆನೋವು. 3/32 ಇಂಚಿನ ರಿವೆಟ್‌ಗೆ 40ನೇ ನಂಬರ್ ಡ್ರಿಲ್ ಬಿಟ್, 1/8 ಇಂಚಿನದಕ್ಕೆ 30ನೇ ನಂಬರ್. 'ಹತ್ತಿರ ಹತ್ತಿರ ಇದೆ' ಎಂದು 2.5 ಮಿ.ಮೀ. ಬಿಟ್ ಹಾಕಬೇಡಿ. ಇಂಚಿನ ಬಿಟ್, ಇಂಚಿನ ಸ್ಪ್ಯಾನರ್, ಇಂಚು-ಪೌಂಡ್ ತೋರಿಸುವ ಟಾರ್ಕ್ ರೆಂಚ್ ಬೇರೆಯೇ ಕೊಳ್ಳಿ. ಅತಿ ಹೆಚ್ಚು ಬಳಸುವ, 3/16 ಇಂಚಿನ ಎಎನ್3 ಬೋಲ್ಟಿಗೆ ಬೇಕಾದ ಬಿಗಿ ಬರೀ 20ರಿಂದ 25 ಇಂಚು-ಪೌಂಡ್. ಕಾರಿನ ರೆಂಚಿಗೆ ಅಷ್ಟು ಸಣ್ಣ ಬಿಗಿ ಗೊತ್ತೇ ಆಗುವುದಿಲ್ಲ. ಲಾಕ್ ನಟ್ ಇನ್ನೂ ಬಿಗಿಯಾಗುವ ಮುಂಚೆ ತಿರುಗುವಾಗ ಕೊಡುವ ತಡೆಯನ್ನು ಅಳೆದು ಇದಕ್ಕೆ ಸೇರಿಸಬೇಕು.

ಉಳಿದಂತೆ ರಿವೆಟ್ ಗನ್, ಹಿಂದೆ ಒತ್ತಿ ಹಿಡಿಯುವ ಬಕಿಂಗ್ ಬಾರ್, ರಿವೆಟನ್ನು ಹಿಸುಕಿ ಕೂರಿಸುವ ಸ್ಕ್ವೀಜರ್, ತೂತಿನ ಸುತ್ತ ತಗ್ಗು ಮಾಡುವ ಡಿಂಪಲ್ ಡೈ, ಮತ್ತೆ ಕ್ಲೆಕೋ. ಕ್ಲೆಕೋ ಅಂದರೆ ರಿವೆಟ್ ಹೊಡೆಯುವ ತನಕ ತಗಡುಗಳನ್ನು ಕಚ್ಚಿ ಹಿಡಿಯುವ ಸ್ಪ್ರಿಂಗ್ ಕ್ಲಿಪ್. ಬೆಳ್ಳಿ ಬಣ್ಣದ್ದು 3/32ಕ್ಕೆ, ತಾಮ್ರದ ಬಣ್ಣದ್ದು 1/8ಕ್ಕೆ. ಎಷ್ಟು ಕೊಂಡರೂ ಸಾಲುವುದಿಲ್ಲ.

ನನಗೆ ರಿವೆಟ್ ಹೊಡೆಯಲು ಬರುವುದಿಲ್ಲ.

ಯಾರಿಗೂ ಬರುತ್ತಿರಲಿಲ್ಲ. ಒಂದು ವಾರಾಂತ್ಯದಲ್ಲಿ ಕಲಿಯಬಹುದು. ಸರಿಯಾಗಿ ಕೂತ ರಿವೆಟ್‌ನ ಹಿಂದುಗಡೆ ಬಡಿದು ಚಪ್ಪಟೆಯಾದ ತಲೆ, ಕಡ್ಡಿಯ ದಪ್ಪದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ ಇರಬೇಕು. ಅಳತೆ ನೋಡಲು ಪುಟ್ಟ ಗೇಜ್ ಸಿಗುತ್ತದೆ. ಕಂಪನಿಗಳು ಮಾರುವ ಅಭ್ಯಾಸದ ಕಿಟ್ ಮೊದಲು ಕಟ್ಟಿ.

ಹೊಡೆಯುವುದಕ್ಕಿಂತ ತೆಗೆಯುವುದನ್ನು ಚೆನ್ನಾಗಿ ಕಲಿಯಿರಿ. ವಿಮಾನದ ರಿವೆಟ್‌ಗೆ ಕಾರ್ಖಾನೆಯಲ್ಲೇ ಮಾಡಿದ ತಲೆಯ ನಡುವೆ ಒಂದು ಸಣ್ಣ ಗುಳಿ ಇರುತ್ತದೆ. ಬಿಟ್ಟಿನ ತುದಿ ಅಲ್ಲಿ ಕೂರಿಸಿ, ತಲೆಯ ದಪ್ಪದಷ್ಟೇ ಕೊರೆದು, ಪಂಚ್ ಹಾಕಿ ತಲೆಯನ್ನು ಮುರಿದು ತೆಗೆಯುವುದು. ಆತುರದಲ್ಲಿ ಆಳ ಕೊರೆದರೆ ತೂತು ಹಿಗ್ಗುತ್ತದೆ. ಅಲ್ಪಸ್ವಲ್ಪ ಸೊಟ್ಟಗಿದ್ದ ರಿವೆಟ್ ತೆಗೆಯಲು ಹೋಗಿ ತಗಡನ್ನೇ ಕೆಡಿಸಿದವರು ಎಷ್ಟೋ ಜನ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ಕೈಪಿಡಿಯಲ್ಲಿ ಇರುತ್ತದೆ. ನಿಮ್ಮ ಮನಸ್ಸನ್ನು ಕೇಳಬೇಡಿ, ಗೇಜನ್ನು ಕೇಳಿ.

ಭಾಗವೊಂದು ಹಾಳಾದರೆ?

ಹಾಳಾಗುತ್ತದೆ. 'ಆದರೆ' ಎಂಬ ಮಾತೇ ಇಲ್ಲ.

ಕಿಟ್ ಕಟ್ಟುವ ಕೆಲಸದಲ್ಲಿ ನನಗೆ ಅತಿ ಕಷ್ಟ ಅನಿಸಿದ್ದು ಇದೇ. ಕೈಚಳಕದ ಮಾತಲ್ಲ, ಹಾಳಾಗಿದೆ ಎಂದು ಒಪ್ಪಿಕೊಳ್ಳುವ ಮಾತು. ಬಾಲದಲ್ಲಿ ಮೂಗನ್ನು ಏರಿಸಿ ಇಳಿಸುವ ಎಲಿವೇಟರಿನ ಸ್ಪಾರ್‌ನಲ್ಲಿ ನನ್ನ ಡ್ರಿಲ್ ಜಾರಿ ಒಂದು ತೂತು ಇಂಗ್ಲಿಷಿನ 8ರ ಆಕಾರಕ್ಕೆ ತಿರುಗಿತು. ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ ಕಡ್ಡಿಯ ದಪ್ಪದ ಎರಡು ಪಟ್ಟಾದರೂ ದೂರ ಇರಬೇಕು ಅನ್ನುವುದು ನಿಯಮ. ನನ್ನದು ಕೂದಲೆಳೆಯಷ್ಟು ಕಡಿಮೆ. ಮೂರು ದಿನ ಅದನ್ನೇ ನೋಡುತ್ತಾ ಕೂತೆ. ಮೇಲೆ ಹೊರಹೊದಿಕೆಯ ತಗಡು ಬಂದರೆ ಕಾಣುವುದೂ ಇಲ್ಲ. ಇನ್‌ಸ್ಪೆಕ್ಟರಿಗೂ ಕಾಣುವುದಿಲ್ಲ. ಹೊಸ ಸ್ಪಾರ್ ಬರಬೇಕಾದರೆ ಸಮುದ್ರ ದಾಟಿ ಬರಬೇಕು. ಆ ಭಾಗದ ಬೆಲೆಗಿಂತ ಸಾಗಣೆ ಜಾಸ್ತಿ. 'ಇರಲಿ ಬಿಡು' ಅನ್ನಲು ಎಲ್ಲ ಕಾರಣವೂ ಸಿದ್ಧ ಇದ್ದವು.

ಆಮದು ಕಿಟ್‌ನ ನಿಜವಾದ ಅಪಾಯ ಇದು ಎಂದು ನನಗೆ ಅನಿಸುವುದು. ಕಾರ್ಖಾನೆಯ ಪಕ್ಕದಲ್ಲಿ ಇರುವವನು ಹಾಳಾದದ್ದನ್ನು ಎಸೆದು ನಾಳೆ ಹೊಸದು ತರುತ್ತಾನೆ. ನಮಗೆ ಐದು ವಾರ ಕಾಯಬೇಕು, ಸುಂಕ ಕಟ್ಟಬೇಕು. ಆ ಐದು ವಾರವೇ ನಮ್ಮ ಕೈಯಲ್ಲಿ ತಪ್ಪನ್ನು ಮುಚ್ಚಿಸುವುದು.

ನಾನು ಕೊನೆಗೆ ಫೋಟೊ ತೆಗೆದು ಕಂಪನಿಗೆ ಕಳಿಸಿದೆ. 'ಬದಲಾಯಿಸಿ' ಎಂದು ಒಂದೇ ಪದದ ಉತ್ತರ ಬಂತು. ಇನ್ನೊಂದು ಸಲ ಇನ್ನೂ ಕೆಟ್ಟದಾಗಿ ಕಂಡ ತೂತಿಗೆ 'ಒಂದು ಅಳತೆ ದೊಡ್ಡ ರಿವೆಟ್ ಹಾಕಿ, ಚಿಂತೆ ಇಲ್ಲ' ಎಂದರು. ನಮ್ಮ ಕಣ್ಣಿಗೆ ಕೆಟ್ಟದು ಕಂಡದ್ದೆಲ್ಲ ಕೆಟ್ಟದ್ದಲ್ಲ, ಚೆಂದ ಕಂಡದ್ದೆಲ್ಲ ಗಟ್ಟಿಯೂ ಅಲ್ಲ. ವಿನ್ಯಾಸ ಮಾಡಿದವರನ್ನೇ ಕೇಳಬೇಕು.

ಕಾಯುವುದನ್ನು ಹಗುರ ಮಾಡಲು ಎರಡು ಉಪಾಯ. ಹಾಳಾದ ಭಾಗಗಳ ಪಟ್ಟಿ ಇಟ್ಟುಕೊಂಡು ಮುಂದಿನ ದೊಡ್ಡ ಪೆಟ್ಟಿಗೆಯ ಜೊತೆ ತರಿಸಿ, ಬಾಲದ ತಪ್ಪು ರೆಕ್ಕೆಯ ಪೆಟ್ಟಿಗೆಯಲ್ಲಿ ಬರಲಿ. ಮತ್ತೆ, ಯಾವಾಗಲೂ ಎರಡು ಕೆಲಸ ತೆರೆದಿಟ್ಟಿರಿ. ಒಂದು ನಿಂತರೆ ಇನ್ನೊಂದು ನಡೆಯುತ್ತದೆ.

ಪ್ರೈಮರ್ ಹಚ್ಚಲೇಬೇಕಾ?

ಉಪ್ಪುಗಾಳಿಯ ಕಡೆ ಇಡುವ ವಿಮಾನಕ್ಕೆ ಹಚ್ಚಿ. ಉಳಿದ ಕಡೆ, ಮೇಲೆ ಶುದ್ಧ ಅಲ್ಯೂಮಿನಿಯಂ ಪದರ ಇರುವ ಆಲ್‌ಕ್ಲ್ಯಾಡ್ ತಗಡು ತಕ್ಕಮಟ್ಟಿಗೆ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಕಟ್ಟುವವರ ನಡುವೆ ಇದರ ಬಗ್ಗೆ ಮುಗಿಯದ ಜಗಳ ಇದೆ. ನಾನು ಸೇರುವುದಿಲ್ಲ.

ಎಂಜಿನ್ ಯಾವುದು, ಯಾವಾಗ ಕೊಳ್ಳಬೇಕು?

ಯಾವುದು ಅನ್ನುವುದನ್ನು ಕಿಟ್ ಮಾಡಿದವರೇ ಬಹುಮಟ್ಟಿಗೆ ಹೇಳಿರುತ್ತಾರೆ. ಹಗುರ ವಿಮಾನಗಳಿಗೆ ಆಸ್ಟ್ರಿಯಾದ ರೋಟ್ಯಾಕ್ಸ್ 912, 80 ಅಥವಾ 100 ಕುದುರೆಶಕ್ತಿ, ಕಾರಿನ ಪೆಟ್ರೋಲಿನಲ್ಲೂ ಓಡುತ್ತದೆ. ನಿಮಿಷಕ್ಕೆ 5,800 ಸುತ್ತಿನ ತನಕ ತಿರುಗುವ ಎಂಜಿನ್ ಅದು, ಪ್ರೊಪೆಲ್ಲರಿಗೆ ಗೇರ್ ಹಾಕಿ ವೇಗ ತಗ್ಗಿಸುತ್ತಾರೆ. ಸ್ವಲ್ಪ ದೊಡ್ಡದಕ್ಕೆ ಅಮೆರಿಕದ ಲೈಕಮಿಂಗ್, 150ರಿಂದ 180 ಕುದುರೆಶಕ್ತಿ. ನಿಧಾನ ತಿರುಗುತ್ತದೆ, ಪ್ರೊಪೆಲ್ಲರ್ ನೇರ ಕೂರುತ್ತದೆ.

ಯಾವಾಗ ಅಂದರೆ, ಕೊನೆಗೆ. ಸುಮ್ಮನೆ ಕೂತ ಎಂಜಿನ್ ಒಳಗೆ ತುಕ್ಕು ಹಿಡಿಯುತ್ತದೆ, ವಾರಂಟಿ ನಿಮ್ಮನ್ನು ಕಾಯುವುದಿಲ್ಲ. ಮೀಟರು, ರೇಡಿಯೊ ಕೂಡ ಹಾಗೇ. ಮೂರು ವರ್ಷ ಮುಂಚೆ ಕೊಂಡದ್ದು ಹಾರುವ ದಿನಕ್ಕೆ ಹಳತಾಗಿರುತ್ತದೆ. ಆದರೆ ತಯಾರಕರ ಕಾಯುವ ಪಟ್ಟಿ ಉದ್ದ ಇದ್ದರೆ ಹೆಸರು ಬರೆಸಿಡಿ.

ವಿನ್ಯಾಸವನ್ನು ನನಗೆ ಬೇಕಾದಂತೆ ಬದಲಿಸಬಹುದೇ?

ಸೀಟಿನ ಬಟ್ಟೆ ಬದಲಿಸಿ. ಇಂಧನ, ಕಂಟ್ರೋಲ್, ಸ್ಪಾರ್, ಇವನ್ನು ಮುಟ್ಟಬೇಡಿ.

ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ತೀರಿಕೊಂಡದ್ದು ಹೀಗೊಂದು ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ. ಅದು ರುಟಾನ್ ವಿನ್ಯಾಸದ ಲಾಂಗ್-ಈಜಿ. ಕಟ್ಟಿದವರು ಬೇರೆಯವರು, ಡೆನ್ವರ್ ಆಮೇಲೆ ಕೊಂಡವರು. ಟ್ಯಾಂಕ್ ಬದಲಿಸುವ ವಾಲ್ವ್ ನಕ್ಷೆಯಲ್ಲಿ ಇದ್ದ ಜಾಗದಲ್ಲಿ ಇರಲಿಲ್ಲ, ಪೈಲಟ್‌ನ ಎಡ ಹೆಗಲಿನ ಹಿಂದೆ ಇತ್ತು. ಹಾರುವಾಗ ಅದನ್ನು ತಿರುಗಿಸಬೇಕಾದರೆ ಮೈ ಹೊರಳಿಸಬೇಕು. ಹಾಗೆ ಹೊರಳುವಾಗ ವಿಮಾನದ ಹಿಡಿತ ತಪ್ಪಿತು ಎಂದು ತನಿಖೆ ಹೇಳಿತು. ವಾಲ್ವನ್ನು ಅಲ್ಲಿ ಇಟ್ಟವರಿಗೆ ಅವರದೇ ಒಂದು ಒಳ್ಳೆಯ ಕಾರಣ ಇದ್ದಿರಬೇಕು.

ನಡುವೆ ಕಂಪನಿಯೇ ಮುಚ್ಚಿದರೆ?

ಆಗದ ಮಾತಲ್ಲ. ದೊಡ್ಡ ಹೆಸರಿನ ವ್ಯಾನ್ಸ್ ಕಂಪನಿಯೇ 2023ರ ಡಿಸೆಂಬರಿನಲ್ಲಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಮುಂಗಡ ಕೊಟ್ಟವರು ಹೆಚ್ಚಿನ ಬೆಲೆ ಒಪ್ಪಬೇಕಾಯಿತು. 2024ರಲ್ಲಿ ಅದು ಚೇತರಿಸಿಕೊಂಡಿತು. ಕಲಿಯಬೇಕಾದದ್ದು ಇಷ್ಟೇ: ಒಂದು ಭಾಗ ಕಟ್ಟಿ ಮುಗಿಸುವ ಹೊತ್ತಿಗೆ ಮುಂದಿನದಕ್ಕೆ ದುಡ್ಡು ಕಟ್ಟಿ, ಎಲ್ಲದರ ದುಡ್ಡನ್ನೂ ಒಂದೇ ಸಲ ಕಟ್ಟಿ ಕೂರಬೇಡಿ. ಸಾವಿರಾರು ಹಾರುತ್ತಿರುವ ವಿನ್ಯಾಸ ಆರಿಸಿದರೆ ಕಂಪನಿ ಹೋದರೂ ಭಾಗ ಮಾಡಿಕೊಡುವವರು ಹುಟ್ಟಿಕೊಳ್ಳುತ್ತಾರೆ.

ದಾಖಲೆ ಎಷ್ಟರ ಮಟ್ಟಿಗೆ ಇಡಬೇಕು?

ದಿನಾಂಕ, ಗಂಟೆ, ಮಾಡಿದ ಕೆಲಸ, ಒಂದೆರಡು ಫೋಟೊ. ಕೆಲವು ಫೋಟೊಗಳಲ್ಲಿ ನಿಮ್ಮ ಮುಖವೂ ಇರಲಿ, ಕಟ್ಟಿದ್ದು ನೀವೇ ಅನ್ನುವುದಕ್ಕೆ ಸಾಕ್ಷಿ. ಮುಚ್ಚಿಹೋಗುವ ಜಾಗಗಳ ಫೋಟೊ ಜಾಸ್ತಿ ಇರಲಿ. ತಪ್ಪುಗಳನ್ನೂ ಬರೆಯಿರಿ, ಹೇಗೆ ಸರಿ ಮಾಡಿದಿರಿ ಅನ್ನುವುದನ್ನೂ. ನನ್ನ ಪುಸ್ತಕದಲ್ಲಿ ಇನ್‌ಸ್ಪೆಕ್ಟರ್ ನಿಂತು ಓದಿದ್ದು ಆ ಪುಟಗಳನ್ನೇ.

ಮೊದಲ ಹಾರಾಟ ನಾನೇ ಮಾಡಬಹುದೇ?

ಲೈಸೆನ್ಸ್ ಇದ್ದರೆ, ಕೈ ಪಳಗಿದ್ದರೆ. ಕಟ್ಟುವ ಮೂರು ನಾಲ್ಕು ವರ್ಷದಲ್ಲಿ ಬಹಳ ಜನ ಹಾರುವುದನ್ನೇ ಬಿಟ್ಟಿರುತ್ತಾರೆ. ದುಡ್ಡು, ಹೊತ್ತು ಎರಡೂ ಗ್ಯಾರೇಜ್ ನುಂಗಿರುತ್ತದೆ. ಅದೇ ಮಾದರಿಯ ಇನ್ನೊಂದು ವಿಮಾನದಲ್ಲಿ, ಗೊತ್ತಿರುವವರ ಜೊತೆ ಕೆಲವು ಗಂಟೆ ಹಾರಿ ಬನ್ನಿ.

ಅದಕ್ಕೂ ಮುಂಚೆ ವಿಮಾನ ತೂಗಬೇಕು. ಮೂರು ಚಕ್ರದಡಿ ಮೂರು ತಕ್ಕಡಿ ಇಟ್ಟು ಭಾರದ ಕೇಂದ್ರ ಎಲ್ಲಿದೆ ಎಂದು ಲೆಕ್ಕ ಹಾಕುವುದು. ಆಮೇಲೆ ಇಂಧನದ ಹರಿವು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಮನೆಕಟ್ಟಿನ ವಿಮಾನಗಳ ಅಪಘಾತ ಅಧ್ಯಯನ ಮಾಡಿದಾಗ ಎಂಜಿನ್ ಶಕ್ತಿ ಹೋಗುವುದು ಮತ್ತು ಹಿಡಿತ ತಪ್ಪುವುದು ಮುಂದಿನ ಸಾಲಿನಲ್ಲಿ ಇದ್ದವು. ಅದಕ್ಕೇ ಇಂಧನ ವ್ಯವಸ್ಥೆಯನ್ನು ನೆಲದ ಮೇಲೆ ಪರೀಕ್ಷಿಸಿ ಎಂದು ಅದು ಹೇಳಿತು. ಮೂಗು ಎತ್ತಿ ಏರುವ ಭಂಗಿಯಲ್ಲಿ ವಿಮಾನ ನಿಲ್ಲಿಸಿ, ಎಂಜಿನ್ ಹತ್ತಿರ ಪೈಪ್ ಬಿಚ್ಚಿ, ಗಡಿಯಾರ ಹಿಡಿದು ಪಾತ್ರೆಗೆ ಹರಿಸಿ ಅಳೆಯಿರಿ. ಪೂರ್ತಿ ಶಕ್ತಿಯಲ್ಲಿ ಎಂಜಿನ್ ಕುಡಿಯುವುದಕ್ಕಿಂತ, ಪಂಪ್ ಇದ್ದರೆ ಕಾಲು ಪಾಲು ಜಾಸ್ತಿ, ತಾನಾಗಿ ಇಳಿಯುವುದಾದರೆ ಅರ್ಧ ಪಾಲು ಜಾಸ್ತಿ ಬರಬೇಕು.

ಆಮೇಲಿನ ಪರೀಕ್ಷಾ ಹಾರಾಟ ಅಮೆರಿಕದಲ್ಲಿ ಸಾಮಾನ್ಯವಾಗಿ 25 ಅಥವಾ 40 ಗಂಟೆ, ಗೊತ್ತುಮಾಡಿದ ಜಾಗದ ಮೇಲೆ ಮಾತ್ರ. ಆ ಗಂಟೆಗಳಲ್ಲಿ ಮನೆಯವರನ್ನು, ಗೆಳೆಯರನ್ನು ಕೂರಿಸುವಂತಿಲ್ಲ.

ಗಡಿ ದಾಟಿ ಹಾರಬಹುದೇ? ಬಾಡಿಗೆಗೆ ಬಿಡಬಹುದೇ?

ಗಡಿ ದಾಟಲು ಆ ದೇಶದ ಅನುಮತಿ ಬೇಕು, ಇದರ ಪ್ರಮಾಣಪತ್ರ ಮಾಮೂಲಿ ವಿಮಾನದ ಹಾಗೆ ಎಲ್ಲ ಕಡೆ ತಾನಾಗಿ ನಡೆಯುವುದಿಲ್ಲ. ಜನರನ್ನು ದುಡ್ಡಿಗೆ ಕೂರಿಸಿ ಹಾರಿಸುವುದು, ಇಲ್ಲ.

ಹಾಳಾದ ಭಾಗಗಳನ್ನು ಏನು ಮಾಡಿದಿರಿ?

ಎರಡು ತುಂಡು ಮಾಡಿ ಇಡುತ್ತೇನೆ, ಯಾರೂ ತಿಳಿಯದೆ ಬಳಸಬಾರದು ಎಂದು. ಆ ಸ್ಪಾರ್ ಈಗ ಬೆಂಚಿನ ಪಕ್ಕ ಇದೆ. ಕಟ್ಟಬೇಕು ಎಂದುಕೊಂಡು ಬಂದವರ ಕೈಗೆ ಗನ್ ಕೊಟ್ಟು ಅದರ ಮೇಲೆ ಹೊಡೆಯಲು ಹೇಳುತ್ತೇನೆ, ಆಮೇಲೆ ಹೊಡೆದದ್ದನ್ನು ತೆಗೆಯಲು ಹೇಳುತ್ತೇನೆ. ಒಂದು ತುಂಡು ಜರಡಿಯಾಗಿದೆ. ಇನ್ನೊಂದರಲ್ಲಿ ಜಾಗ ಇನ್ನೂ ಇದೆ.